ವಾರಿಜಾಕ್ಷಿ ಮತ್ತು ಒಂಬತ್ತನೆಯ ನಿಯಮ

ವಾರಿಜಾಕ್ಷಿಯನ್ನು ಕೆಲಸದಿಂದ ಕಳಿಸಿದ ಕಾಗದದ ಕೆಳಗೆ ಮೂರು ಸಹಿಗಳಿವೆ. ಮೊದಲನೆಯದು ಬೆಂಗಳೂರಿನಿಂದ ಬಂದ ಅಧಿಕಾರಿಯದು, ಎರಡನೆಯದು ನಮ್ಮ ಕಾಲೇಜಿನ ಭೌತಶಾಸ್ತ್ರದ ನಿತ್ಯಾನಂದರದು, ಮೂರನೆಯದು ನನ್ನದು. ಮೂರರಲ್ಲಿ ಚಂದದ ಸಹಿ ನನ್ನದೇ. ಕನ್ನಡ ಪಾಠ ಹೇಳುವವನಲ್ಲವೇ, ಅಕ್ಷರ ದುಂಡಗಿರುತ್ತದೆ. ಬುದ್ಧಿ ಹೇಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಅವಳ ಮೇಲೆ ಹೊರಿಸಿದ ತಪ್ಪು, ಕಂಪ್ಯೂಟರ್ ಜಾಲದಲ್ಲಿ ವ್ಯಾಪಾರದ ಜಾಹೀರಾತು ಹಾಕಿದಳು ಎಂಬುದು. ಯಾವ ವಸ್ತುವಿನ ಜಾಹೀರಾತು? ಮಾರಿದರೆ ಕೆಟ್ಟುಹೋಗುತ್ತದೆ ಎಂದು ಮೂರು ತಲೆಮಾರಿನಿಂದ ಯಾರೂ ಮಾರದೆ ಇದ್ದ ವಸ್ತುವಿನದು. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಉರಿಯಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಆದ್ದರಿಂದ ಬೇರೆಯವರಿಗೆ ಅಷ್ಟಾಗಿ ತಾಗುವುದಿಲ್ಲ.

ವಾರಿಜಾಕ್ಷಿ ಬಂಟ್ವಾಳ ಪೇಟೆಯವಳು. ನಾನೂ ಅಲ್ಲಿಯವನೇ, ಅವಳಿಗಿಂತ ಹದಿನೈದು ವರ್ಷ ದೊಡ್ಡವನು. ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡು ಸೋದರಮಾವ ಮಹಾಲಿಂಗೇಶ್ವರ ರಾಯರ ಮನೆಯಲ್ಲಿ ಬೆಳೆದಳು. ರಾಯರಿಗೆ ಪೇಟೆಯಲ್ಲಿ ಜವಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು, ನಾಲ್ಕು ಟೈಪ್‌ರೈಟರುಗಳಿದ್ದವು. ಎಪ್ಪತ್ತನಾಲ್ಕರ ಜುಲೈಯಲ್ಲಿ ನೇತ್ರಾವತಿ ಪೇಟೆಗೆ ನುಗ್ಗಿದಾಗ ಆ ನಾಲ್ಕೂ ಎರಡು ದಿನ ಕೆಸರುನೀರಿನ ಅಡಿಯಲ್ಲಿದ್ದವು. ನೀರಿಳಿದ ಮೇಲೆ ರಾಯರು ತಲೆಗೆ ಕೈ ಕೊಟ್ಟು ಕೂತರು. ಹತ್ತೊಂಬತ್ತು ವರ್ಷದ ವಾರಿಜಾಕ್ಷಿ ಕೂರಲಿಲ್ಲ. ಒಂದೊಂದೇ ಯಂತ್ರವನ್ನು ಬಿಚ್ಚಿ, ತುಂಡುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಕ್ಷರದ ಕಡ್ಡಿಗಳನ್ನು ಹಳೆಯ ಬ್ರಷ್ಷಿನಿಂದ ತಿಕ್ಕಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಮತ್ತೆ ಜೋಡಿಸಿದಳು. ಮೂರು ಬದುಕಿದವು. ನಾಲ್ಕನೆಯದು ಕನ್ನಡದ್ದು, ಅದೂ ಬದುಕಿತು, ಆದರೆ ಅದರ ‘ಳ’ ಅಕ್ಷರ ಮಾತ್ರ ಮತ್ತೆ ಮೇಲೇಳಲಿಲ್ಲ. ಆಮೇಲೆ ಆ ಯಂತ್ರದಲ್ಲಿ ಬಂಟ್ವಾಳ ಎಂದು ಹೊಡೆಯಬೇಕಾದರೆ ಕೊನೆಯ ಅಕ್ಷರವನ್ನು ಪೆನ್ನಿನಲ್ಲಿ ಬರೆಯಬೇಕಿತ್ತು.

ಆ ಹೊತ್ತಿಗೇ ಭೂಮಸೂದೆ ಬಂತು. ಗೇಣಿಗೆ ಮಾಡುತ್ತಿದ್ದ ಜಮೀನು ತನಗೆ ಸೇರಬೇಕೆಂದು ಒಕ್ಕಲಿನವರು ಡಿಕ್ಲರೇಶನ್ ಕೊಡಬೇಕಿತ್ತು. ತಾಲೂಕು ಕಚೇರಿಯ ಎದುರು ಸಾಲು, ಅಲ್ಲಿಂದ ರಾಯರ ಇನ್‌ಸ್ಟಿಟ್ಯೂಟಿಗೆ ಸಾಲು. ಸರ್ವೆ ನಂಬರು, ಎಕರೆ, ಸೆಂಟ್ಸು, ಧಣಿಗಳ ಹೆಸರು, ಇವನ್ನೆಲ್ಲ ಹೇಳುವವರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಅವಳು ಒಬ್ಬೊಬ್ಬರನ್ನೂ ಕೂರಿಸಿ ಕೇಳಿ ಟೈಪು ಮಾಡುತ್ತಿದ್ದಳು. ಕೆಲವು ದೊಡ್ಡ ಮನೆಗಳಿಂದ ರಾಯರಿಗೆ ಮಾತು ಬಂತು, “ನಿಮ್ಮ ಹುಡುಗಿಗೆ ಅಷ್ಟು ಅರ್ಜೆಂಟು ಎಂತದ್ದು? ನಿಧಾನ ಮಾಡ್ಲಿಕ್ಕೆ ಹೇಳಿ” ಎಂದು. ಅವಳು ಇನ್ನೂ ಬೇಗ ಮಾಡಿದಳು. ಬಲಗೈಯ ಮಣಿಕಟ್ಟು ನೋಯಲು ಶುರುವಾದದ್ದು ಆಗ.

ಎಂಬತ್ತೈದರಲ್ಲಿ ಮೂಡುಬಿದಿರೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಟೈಪಿಸ್ಟ್ ಬೇಕೆಂದು ಕೇಳಿದಾಗ ಅವಳ ಹೆಸರು ಹೇಳಿದವನು ನಾನು. ಕಾಲೇಜಿನ ಹೆಸರು ಬೇಡ. ಕೆಲಸ ತಾತ್ಕಾಲಿಕ, ನಾಲ್ಕು ವರ್ಷ ಆದ ಮೇಲೆ ಕಾಯಂ ಮಾಡುತ್ತೇವೆ ಎಂದು ಬಾಯಿಮಾತು. ಅವಳಿಗೆ ಆಗ ಮೂವತ್ತು. ಮದುವೆಯ ಮಾತು ಬಂದಲ್ಲೆಲ್ಲ ರಾಯರ ಕೈ ಖಾಲಿ, ಅವಳ ಬಾಯಿ ಚುರುಕು, ಎರಡೂ ಸೇರಿ ಏನೂ ಕೂಡಿಬರಲಿಲ್ಲ. ಇನ್‌ಸ್ಟಿಟ್ಯೂಟಿಗೆ ಮಕ್ಕಳು ಬರುವುದು ಕಡಿಮೆಯಾಗಿತ್ತು. ಕಾಯಂ ಕೆಲಸ ಒಂದಾದರೆ ಮುದುಕ ಮಾವನನ್ನೂ ತಾಯಿಯನ್ನೂ ತಾನೇ ನೋಡಿಕೊಳ್ಳಬಹುದು ಎಂಬ ಒಂದೇ ಲೆಕ್ಕದಲ್ಲಿ ಅವಳು ಮೂಡುಬಿದಿರೆಯಲ್ಲಿ ಕೋಣೆ ಹಿಡಿದಳು.

ಎಂಬತ್ತೆಂಟರಲ್ಲಿ ಕಾಲೇಜಿಗೆ ಜಾಲ ಬಂತು. ಬೆಂಗಳೂರಿನ ಒಂದು ಸಂಸ್ಥೆಯವರು ರಾಜ್ಯದ ಹನ್ನೊಂದು ಕಾಲೇಜುಗಳ ಕಂಪ್ಯೂಟರುಗಳನ್ನು ಟೆಲಿಫೋನ್ ತಂತಿಯ ಮೂಲಕ ಜೋಡಿಸುವ ಪ್ರಯೋಗ ಮಾಡಿದರು. ಇಲ್ಲಿ ಹೊಡೆದದ್ದು ಅಲ್ಲಿ ಓದಲು ಸಿಗುತ್ತದೆ, ಅಂಚೆ ಬೇಡ, ಟಪ್ಪಾಲು ಬೇಡ. ಯಂತ್ರದ ಉಸ್ತುವಾರಿ ನಿತ್ಯಾನಂದರಿಗೆ. ಆದರೆ ಬೆರಳು ಆಡಬೇಕಲ್ಲ? ಅದಕ್ಕೆ ವಾರಿಜಾಕ್ಷಿ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ, ಅವಳು ಬೆಂಗಳೂರಿಗೆ ಲೈನು ಹಾಕಿ ಹೋಗುವುದನ್ನು ಕಳಿಸಿ ಬಂದದ್ದನ್ನು ಇಳಿಸಬೇಕು. ಗಾಳಿಗೆ ಎಲ್ಲಾದರೂ ಮರ ಬಿದ್ದರೆ ಆ ದಿನ ಜಾಲಕ್ಕೆ ರಜೆ.

ಜಾಲದ ಜೊತೆಗೆ ಒಂದು ನಿಯಮಗಳ ಪುಸ್ತಕವೂ ಬಂತು. ಹದಿನಾರು ಪುಟ, ಪೂರಾ ಇಂಗ್ಲಿಷು. ಪ್ರಿನ್ಸಿಪಾಲರು ಅದನ್ನು ಕನ್ನಡಕ್ಕೆ ತಂದು ಗೋಡೆಗೆ ಹಚ್ಚಲು ನನಗೆ ಹೇಳಿದರು. ಒಂಬತ್ತನೆಯ ನಿಯಮವನ್ನು ನಾನೇ ಬರೆದದ್ದು ಬಾಯಿಪಾಠ ಇದೆ: “ಈ ಜಾಲವನ್ನು ಯಾವುದೇ ಬಗೆಯ ವ್ಯಾಪಾರದ ಜಾಹೀರಾತಿಗೆ, ಸರಕಿನ ಮಾರಾಟಕ್ಕೆ ಅಥವಾ ಸ್ವಂತ ಲಾಭಕ್ಕೆ ಬಳಸಕೂಡದು.” ಅದನ್ನು ಬರೆಯುವಾಗ ನನಗೆ ಖುಷಿಯೇ ಆಗಿತ್ತು. ಟಾಕೀಸಿಗೆ ಹೋದರೆ ಪರದೆಯ ಮೇಲೆ ಜವಳಿ ಅಂಗಡಿ, ಬಸ್ಸಿನ ಬೆನ್ನಿಗೆ ಹಲ್ಲುಪುಡಿ, ಊರ ಗೋಡೆಗಳಿಗೆಲ್ಲ ಬೀಡಿ. ಒಂದಾದರೂ ಜಾಗ ಸಂತೆಯಾಗದೆ ಉಳಿಯಲಿ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನನ್ನ ಜಗಳ ನಿಯಮದ ಜೊತೆಗಲ್ಲ. ಅದನ್ನು ಯಾರ ಬೆನ್ನಿಗೆ ಬಾರಿಸಿದರು ಎಂಬುದರ ಜೊತೆಗೆ.

ಯಾಕೆಂದರೆ ಅದೇ ಗೋಡೆಯ ಎದುರು, ಅದೇ ಯಂತ್ರದಲ್ಲಿ, ಪ್ರತಿ ದಿನ ಲೈನು ಸಿಕ್ಕಿದ ಕೂಡಲೇ ಮೊದಲು ಮೂಡುತ್ತಿದ್ದದ್ದು ಏನು ಗೊತ್ತೇ? ಎರಡು ಸಾಲು ನಕ್ಷತ್ರಗಳ ನಡುವೆ ಕಂಪ್ಯೂಟರ್ ಮಾರಿದ ಕಂಪೆನಿಯ ಹೆಸರು, ವಿಳಾಸ, ಫೋನ್ ನಂಬರು, ‘ಉತ್ತಮ ಕಂಪ್ಯೂಟರಿಗೆ ನಮ್ಮನ್ನೇ ಕೇಳಿ’ ಎಂಬ ಸಾಲು. ಅದು ಪೂರ್ತಿ ಹರಿದು ಮುಗಿಯುವ ತನಕ ಬೇರೆ ಕೆಲಸ ಸಾಗುತ್ತಿರಲಿಲ್ಲ. ಜಾಲ ಬಂದ ವರ್ಷ ಮೇ ತಿಂಗಳಿಡೀ ಉಳಿದ ಹತ್ತು ಕಾಲೇಜುಗಳಿಗೂ ನಮ್ಮ ಕಾಲೇಜಿನಿಂದ ಒಂದು ಸಂದೇಶ ಹೋಗುತ್ತಿತ್ತು: ‘ಕೆಲವೇ ಸೀಟುಗಳು ಬಾಕಿ ಇವೆ, ಹಾಸ್ಟೆಲ್ ಸೌಕರ್ಯ ಉಂಟು.’ ಅದನ್ನು ಹೊಡೆದು ಕಳಿಸುತ್ತಿದ್ದವಳೂ ವಾರಿಜಾಕ್ಷಿಯೇ. ಆಗ ಒಂಬತ್ತನೆಯ ನಿಯಮ ಗೋಡೆಯ ಮೇಲೆ ತೆಪ್ಪಗೆ ಅಂಟಿಕೊಂಡಿರುತ್ತಿತ್ತು.

ಇನ್ನು ಬೀಯಮ್ಮನ ವಿಷಯ. ವಾರಿಜಾಕ್ಷಿಯ ಕೋಣೆಯಿಂದ ನಾಲ್ಕು ಮನೆ ಆಚೆಗೆ ಅವರ ಮನೆ. ಅರುವತ್ತು ದಾಟಿದ ಹೆಂಗಸು, ಜಗಲಿಯಲ್ಲಿ ಕೂತು ಮೊರದಲ್ಲಿ ಬೀಡಿ ಕಟ್ಟಿ ಬದುಕುವವರು. ಅವರ ಕೈಯಲ್ಲಿ ಒಂದು ಎಣ್ಣೆ ಇತ್ತು. ಬೆಳಗಿನಿಂದ ಸಂಜೆಯವರೆಗೆ ಎಲೆ ಸುರುಟಿ ಸುರುಟಿ ಮಣಿಕಟ್ಟು ಬಿದ್ದುಹೋದ ಹೆಂಗಸರಿಗೆಂದು ಅವರ ಅತ್ತೆಯ ಅತ್ತೆ ಕಂಡುಹಿಡಿದದ್ದಂತೆ. ಅದಕ್ಕೆ ಎರಡು ಕಟ್ಟುಪಾಡು. ನೋವಿರುವವರು ತಮ್ಮದೇ ಕುಪ್ಪಿ ತರಬೇಕು. ಎಣ್ಣೆ ಕೊಟ್ಟ ಕೈ ದುಡ್ಡು ಮುಟ್ಟಬಾರದು. ಮುಟ್ಟಿದರೆ ಮದ್ದು ಆ ಕೈ ಬಿಟ್ಟು ಹೋಗುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಟ್ವಾಳದಲ್ಲಿ ನನ್ನ ಅಜ್ಜಿಯೇ ಚೇಳು ಕಚ್ಚಿದವರಿಗೆ ಬೇರು ತೇದು ಕೊಡುತ್ತಿದ್ದರು. ಯಾರಾದರೂ ಗೊತ್ತಿಲ್ಲದೆ ಎಂಟಾಣೆ ಹೊರಗೆ ತೆಗೆದರೆ “ಒಳಗೆ ಇಡು ಮಾರಾಯ, ಮದ್ದು ಕೊಲ್ತೀಯಾ?” ಎಂದು ಗದರಿಸುತ್ತಿದ್ದರು. ಇದು ನನಗೆ ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಡಬೇಕು.

ಎಣ್ಣೆಯಲ್ಲಿ ಏನಿತ್ತೋ, ತಿಕ್ಕುವ ಕೈಯಲ್ಲಿ ಏನಿತ್ತೋ, ಡಾಕ್ಟರರು ಏನನ್ನುತ್ತಾರೋ ನನಗೆ ತಿಳಿಯದು. ಹತ್ತು ವರ್ಷದ ನೋವು ಹೊತ್ತ ವಾರಿಜಾಕ್ಷಿ ತಿಂಗಳಿಗೊಮ್ಮೆ ಕುಪ್ಪಿ ಹಿಡಿದು ಹೋಗುತ್ತಿದ್ದಳು, ಮರುದಿನ ಅವಳ ಬೆರಳು ಹಗುರವಾಗಿ ಓಡುತ್ತಿದ್ದವು. ನಾನು ಕಂಡದ್ದು ಇಷ್ಟು.

ಎಂಬತ್ತೊಂಬತ್ತರ ಜನವರಿಯಲ್ಲಿ ಘಟ್ಟದ ಮೇಲಿನ ಒಂದು ಕಾಲೇಜಿನ ಆಪರೇಟರ್ ಹುಡುಗಿ ಜಾಲದಲ್ಲಿ ಬರೆದಳು: ‘ಕೈ ನೋವು, ಅಂಕಪಟ್ಟಿ ನಾಳೆ ಕಳಿಸುತ್ತೇನೆ, ಬೈಯಬೇಡಿ.’ ಅದನ್ನು ಓದಿದ ವಾರಿಜಾಕ್ಷಿ ಕೂಡಲೇ ಯಂತ್ರದ ಮುಂದೆ ಕೂತಳು. ಯಂತ್ರಕ್ಕೆ ಕನ್ನಡ ಅಕ್ಷರ ಬಾರದು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯಬೇಕು. ಉಳಿದ ಹತ್ತೂ ಕಡೆಗೆ ಹೋಗುವಂತೆ ಅವಳು ಹೊಡೆದದ್ದು ಇಷ್ಟೇ:

‘ಕೈಗಂಟು ನೋಯುವ ಆಪರೇಟರುಗಳಿಗೆ. ಇಲ್ಲಿ ಮೂಡುಬಿದಿರೆಯಲ್ಲಿ ಬೀಯಮ್ಮನವರ ಎಣ್ಣೆ ಉಂಟು. ನನಗೆ ಗುಣ ಆಗಿದೆ. ಮೂರು ದಿನ ಹಚ್ಚಬೇಕು, ತಣ್ಣೀರು ತಾಗಿಸಬಾರದು. ಬೇಕಾದವರು ನಿಮ್ಮದೇ ಖಾಲಿ ಕುಪ್ಪಿ ಬಸ್ಸಿನಲ್ಲಿ ಕಳಿಸಿ.’

ಹತ್ತು ದಿನದಲ್ಲಿ ಏಳು ಕುಪ್ಪಿ ಬಂದವು. ನಮ್ಮ ಕಡೆ ಮಂಗಳೂರಿನಿಂದ ಕಾರ್ಕಳಕ್ಕೆ ಓಡುವ ಬಸ್ಸುಗಳು ಜನರಿಗಿಂತ ಹೆಚ್ಚು ಹೊರುವುದು ಇಂಥದ್ದನ್ನೇ, ಮಗಳ ಮನೆಗೆ ಹಪ್ಪಳ, ಮರೆತುಹೋದ ಕನ್ನಡಕ, ಹೊಲಿದು ಮುಗಿದ ರವಿಕೆ. ಕಂಡಕ್ಟರ್ ಹನೀಫಾ ಘಟ್ಟದ ಬಸ್ಸಿನವರಿಂದ ಮಂಗಳೂರಿನಲ್ಲಿ ಕುಪ್ಪಿ ಇಸಿದುಕೊಂಡು ತಂದು ವಾರಿಜಾಕ್ಷಿಯ ಮೇಜಿನ ಮೇಲೆ ಸಾಲಾಗಿ ಇಟ್ಟ. ಕೆಮ್ಮಿನ ಔಷಧದ ಕುಪ್ಪಿ, ಶಾಯಿ ಕುಪ್ಪಿ, ಒಂದು ಬ್ರಾಂದಿಯದ್ದು ಕೂಡ.

“ವಾರಿಜಕ್ಕಾ, ಇದು ಯಾರದ್ದಾದ್ರೂ ನನ್ನದಲ್ಲ, ಮೊದಲೇ ಹೇಳ್ತೇನೆ” ಎಂದು ಬ್ರಾಂದಿಯ ಕುಪ್ಪಿಯನ್ನು ತೋರಿಸಿ ನಕ್ಕ. ನಾನೂ ಅಲ್ಲೇ ಇದ್ದೆ, ನಾನೂ ನಕ್ಕೆ. ಬೀಯಮ್ಮ ಏಳನ್ನೂ ತುಂಬಿಸಿ ಕೊಟ್ಟರು. ಕುಪ್ಪಿಗಳು ಬಂದ ದಾರಿಯಲ್ಲೇ ಹಿಂದೆ ಹೋದವು.

ಜಾಲದಲ್ಲಿ ಓಡಾಡಿದ್ದನ್ನೆಲ್ಲ ಬೆಂಗಳೂರಿನ ಕಚೇರಿ ತಿಂಗಳ ಕೊನೆಗೆ ಅಚ್ಚು ಹಾಕಿ ಓದುತ್ತಿತ್ತು. ಏಪ್ರಿಲಿನಲ್ಲಿ ವಾರಿಜಾಕ್ಷಿಯ ನಾಲ್ಕು ವರ್ಷ ಮುಗಿದು ಕಾಯಂ ಆಗುವ ಕಡತ ಮೇಜಿಂದ ಮೇಜಿಗೆ ಹೋಗುತ್ತಿರುವಾಗ ಅಲ್ಲಿಂದ ಕಾಗದ ಬಂತು. ಒಂಬತ್ತನೆಯ ನಿಯಮದ ಉಲ್ಲಂಘನೆ, ಸರಕಿನ ಜಾಹೀರಾತು ಮತ್ತು ವಿತರಣೆ, ವಿಚಾರಣೆಗೆ ಅಧಿಕಾರಿ ಬರುತ್ತಾರೆ. ಸಮಿತಿಗೆ ಮೂರು ಜನ ಬೇಕು. ನಿತ್ಯಾನಂದರು ಯಂತ್ರದವರು, ನಾನು ನಿಯಮವನ್ನು ಕನ್ನಡಕ್ಕೆ ತಂದವನು. ನನಗೆ ಒಳಗೊಳಗೆ ಸಮಾಧಾನವೇ ಆಯಿತು. ನಾನಿದ್ದೇನಲ್ಲ, ಹುಡುಗಿಗೆ ಏನೂ ಆಗಗೊಡುವುದಿಲ್ಲ ಎಂದುಕೊಂಡೆ.

ವಿಚಾರಣೆ ನಡೆದದ್ದು ಆ ಯಂತ್ರದ ಕೋಣೆಯಲ್ಲಿಯೇ. ಅಧಿಕಾರಿ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ.

“ಏನಮ್ಮಾ, ಒಂದು ಬಾಟ್ಲಿಗೆ ಎಷ್ಟು ತಗೋತಾರೆ ಆಯಮ್ಮ?”

“ತೆಗೊಳ್ಳುವುದಿಲ್ಲ ಸರ್.”

“ನೀವೆಷ್ಟು ತಗೋತೀರಿ?”

“ನನ್ನ ಕೈಯಿಂದ ಬಸ್ಸಿನ ಪಾರ್ಸೆಲಿಗೆ ಹೋಗಿದೆ ಸರ್, ಬಂದದ್ದು ಏನಿಲ್ಲ.”

“ದುಡ್ಡೇ ತಗೊಳ್ಳಲ್ಲ ಅಂದ್ರೆ ಮತ್ತೆ ಯಾಕೆ ಕೊಡ್ತಾರೆ?”

ವಾರಿಜಾಕ್ಷಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಕೈ ನೋಯ್ತದಲ್ಲ ಸರ್” ಎಂದಳು.

ಅಧಿಕಾರಿ ನಗುತ್ತಾ ನಿತ್ಯಾನಂದರ ಮುಖ ನೋಡಿದರು. ನಿತ್ಯಾನಂದರೂ ನಕ್ಕರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಷ್ಟರಲ್ಲಿ ಹತ್ತು ಗಂಟೆಯಾಯಿತು, ವಿಚಾರಣೆಯಿದ್ದರೂ ಲೈನು ಹಾಕಲೇಬೇಕಲ್ಲ, ಅವಳು ಎದ್ದು ಹಾಕಿದಳು. ನಕ್ಷತ್ರಗಳು ಬಂದವು, ಕಂಪೆನಿಯ ಹೆಸರು ಬಂತು, ಫೋನ್ ನಂಬರು ಬಂತು.

“ಸರ್, ಇದು?” ಎಂದು ಅವಳು ಬೆರಳು ತೋರಿಸಿದಳು.

“ಅದು ಪ್ರಾಯೋಜಕತ್ವ. ಅದಕ್ಕೆ ಬೇರೆ ಒಪ್ಪಂದ ಇದೆ.”

“ಮೇ ತಿಂಗಳು ನಾನೇ ಹೊಡೆದ ಸೀಟಿನ ಸಂದೇಶ?”

“ಅದು ಮಾಹಿತಿ” ಎಂದರು ನಿತ್ಯಾನಂದರು, ಈ ಸಲ ನಗದೆ.

ದುಡ್ಡು ಕೇಳುವವರದ್ದು ಮಾಹಿತಿ, ಕೇಳದವರದ್ದು ವ್ಯಾಪಾರ! ಆಗಲೇ ಎದ್ದು ನಿಂತು ಇದನ್ನು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನನಗೆ ಇನ್ನೂ ಎಂಟು ವರ್ಷ ಸರ್ವೀಸು ಬಾಕಿಯಿತ್ತು, ನಾಲಿಗೆ ಬಾಯೊಳಗೇ ಕೂತಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೇಳಿದೆ. “ನಾನು ಬೀಯಮ್ಮನವರ ಮನೆಗೆ ಹೋಗಿ ನೋಡಿ ಬಂದು ಲಿಖಿತವಾಗಿ ಕೊಡ್ತೇನೆ. ದುಡ್ಡು ತೆಗೊಳ್ಳುವುದಿಲ್ಲ ಅಂತ ಖಚಿತ ಆದ್ರೆ ವ್ಯಾಪಾರ ಅಲ್ಲ ಅಂತ ಆಯ್ತಲ್ಲ?”

ಅಧಿಕಾರಿ ಒಪ್ಪಿದರು. ಹೋಗುವ ಮೊದಲು ಒಂದು ಹಾಳೆ ಕೊಟ್ಟರು, ಸಮಿತಿಯ ಸದಸ್ಯರ ನಡವಳಿಕೆಯದ್ದು. ಅದರಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿತ್ತು. ವಿಚಾರಣೆಗೆ ಸಂಬಂಧಪಟ್ಟವರಿಂದ ಸದಸ್ಯರು ಯಾವ ವಸ್ತುವನ್ನೂ ಪುಕ್ಕಟೆಯಾಗಿ ಸ್ವೀಕರಿಸಕೂಡದು.

ಮರುದಿನ ಮಧ್ಯಾಹ್ನ ಹೋದೆ. ಬೀಯಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮೊರವನ್ನು ಬದಿಗಿಟ್ಟು ಚಾಪೆ ಹಾಸಿದರು, ಬೆಲ್ಲ ನೀರು ಕೊಟ್ಟರು. ನಾನು ಕೇಳಬೇಕಾದ್ದನ್ನು ಕೇಳಿದೆ. ಅವರು ಹೇಳಬೇಕಾದ್ದನ್ನು ಹೇಳಿದರು. ನಾಲ್ಕು ಸಾಲಿನಲ್ಲಿ ಮುಗಿಯಿತು. ಏಳಬೇಕು ಎನ್ನುವಾಗ ಅವರು ನನ್ನ ಬಲಗೈಯನ್ನೇ ನೋಡುತ್ತಾ ಕೇಳಿದರು.

“ಮಾಸ್ಟ್ರೇ, ಪೆನ್ನು ಹಿಡಿಯುವಾಗ ಕೈ ಹಾಗೆ ಓರೆ ಯಾಕೆ ಮಾಡ್ತೀರಿ? ನೋವುಂಟಾ?”

ಉಂಟು. ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ಎರಡು ವರ್ಷದಿಂದ ಇತ್ತು, ಯಾರಿಗೂ ಹೇಳಿರಲಿಲ್ಲ. ಅವರು ನನ್ನ ಕೈ ಎಳೆದುಕೊಂಡರು. ಎಣ್ಣೆ ಹಾಕಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಅರ್ಧ ಗಂಟೆ ತಿಕ್ಕಿದರು. ಬೀಡಿ ಎಲೆಯಿಂದ ಒರಟಾದ ಬೆರಳು. ನನ್ನ ತಾಯಿ ಹೋದ ಮೇಲೆ ಅಷ್ಟು ಹೊತ್ತು ಯಾರೂ ನನ್ನ ಕೈ ಹಿಡಿದಿರಲಿಲ್ಲ.

“ಕುಪ್ಪಿ ತರಲಿಲ್ಲ ನೀವು. ಇರ್ಲಿ, ಇದು ನನ್ನ ಮೊಮ್ಮಗಳು ನಸೀಬಾನದ್ದು. ಮೂರು ದಿನ ಹಚ್ಚಿ, ಕುಪ್ಪಿ ವಾಪಸು ಕೊಡಿ” ಎಂದು ಒಂದು ಸಣ್ಣ ಕುಪ್ಪಿ ಕೊಟ್ಟು, ಕೈ ತೊಳೆಯಲು ಒಳಗೆ ಹೋದರು.

ನಾನೊಬ್ಬನೇ ಜಗಲಿಯಲ್ಲಿ. ಕೈಯಲ್ಲಿ ಕುಪ್ಪಿ, ಜೇಬಿನಲ್ಲಿ ಆ ಹಾಳೆ. ಕೆಂಪು ಗೆರೆಯ ಸಾಲು ಕಣ್ಣಿಗೆ ಕಟ್ಟಿತು. ಪುಕ್ಕಟೆ ತೆಗೆದುಕೊಂಡರೆ ನಾಳೆ ನಿತ್ಯಾನಂದರು ಏನನ್ನುತ್ತಾರೆ? ಕನ್ನಡದವರಿಗೆ ಎಣ್ಣೆ ಹಚ್ಚಿ ವರದಿ ಬರೆಸಿಕೊಂಡರು ಎನ್ನುತ್ತಾರೆ. ಕುಪ್ಪಿಯನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಅದು ಆ ಹೆಂಗಸಿಗೆ ಅವಮಾನ. ಹೀಗೆ ನನ್ನ ಮರ್ಯಾದೆ ಮತ್ತು ಅವರ ಮರ್ಯಾದೆ ಎರಡನ್ನೂ ಕಾಯುವ ದೊಡ್ಡ ಬುದ್ಧಿವಂತನಾಗಿ, ಕಿಸೆಯಿಂದ ಹತ್ತು ರೂಪಾಯಿಯ ನೋಟು ತೆಗೆದು, ಎಲೆ ಅಡಿಕೆಯ ತಟ್ಟೆಯ ಅಡಿಗೆ ತಳ್ಳಿ, ಕೂಗಿ ಹೇಳಿ ಹೊರಟು ಬಂದೆ.

ಅಜ್ಜಿಯ ಗದರಿಕೆ ನೆನಪಾಗಲಿಲ್ಲವೇ ಎಂದರೆ ಆಯಿತು. ಗೇಟು ದಾಟುವಾಗಲೇ ಆಯಿತು. ಯಾವ ಕಾಲದ ಮಾತು ಎಂದು ಅಂದುಕೊಂಡು ನಡೆದೆ.

ವರದಿಯನ್ನು ಪ್ರಾಮಾಣಿಕವಾಗಿ ಬರೆದೆ. ಎರಡು ಪುಟ. ಬೀಯಮ್ಮನವರು ಹಣ ಕೇಳುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಇದು ಈ ಕಡೆಯ ಹಳೆಯ ಪದ್ಧತಿ ಎಂದು ವಿವರವಾಗಿ ಬರೆದು, ಕೊನೆಗೆ ಒಂದು ಸಾಲು ಸೇರಿಸಿದೆ: ‘ನಡವಳಿಕೆಯ ನಿಯಮದಂತೆ ಸದಸ್ಯನು ತಾನಾಗಿಯೇ ರೂಪಾಯಿ ಹತ್ತನ್ನು ಅಲ್ಲಿ ಇಟ್ಟು ಬಂದಿದ್ದಾನೆ.’ ಆ ಸಾಲು ಬರೆದಾಗ ನನಗೆ ನನ್ನ ಬಗ್ಗೆ ಎಷ್ಟು ಹೆಮ್ಮೆ!

ಬೆಂಗಳೂರಿನಿಂದ ತೀರ್ಮಾನ ಬಂತು. ನನ್ನ ಎರಡು ಪುಟ ಅಲ್ಲಿ ಒಂದು ವಾಕ್ಯವಾಗಿತ್ತು. ‘ಸಮಿತಿಯ ಸದಸ್ಯರೊಬ್ಬರು ಸದರಿ ಎಣ್ಣೆಯ ಒಂದು ಕುಪ್ಪಿಯನ್ನು ಹತ್ತು ರೂಪಾಯಿ ಕೊಟ್ಟು ಪಡೆದಿರುವುದು ಅವರದೇ ವರದಿಯಿಂದ ದೃಢಪಟ್ಟಿದೆ.’ ಮಾರಾಟ ಸಾಬೀತು. ಕಾಯಂ ಮಾಡುವ ಪ್ರಶ್ನೆಯಿಲ್ಲ. ಮೇ ಮೂವತ್ತೊಂದಕ್ಕೆ ಆಕೆಯ ಸೇವೆ ಮುಕ್ತಾಯ. ಮೂವರೂ ಸಹಿ ಹಾಕಬೇಕು.

ನಾನು ಪ್ರಿನ್ಸಿಪಾಲರ ಬಳಿಗೆ ಓಡಿದೆ. “ಇದು ಅನ್ಯಾಯ ಸರ್, ನಾನು ಹಾಗೆ ಬರೆದದ್ದಲ್ಲ” ಎಂದೆ. ಅವರು ಕಾಗದವನ್ನು ತಿರುಗಿಸಿ ನನ್ನ ಮುಂದೆ ಇಟ್ಟರು. “ಹತ್ತು ರೂಪಾಯಿ ಇಟ್ಟದ್ದು ಹೌದಾ ಅಲ್ವಾ ಕೃಷ್ಣಕುಮಾರ್?” ಹೌದು. “ಮತ್ತೆ?” ಮತ್ತೇನಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ದುಂಡಗೆ ಸಹಿ ಹಾಕಿದೆ.

ಸಹಿ ಹಾಕಿದ ಎರಡನೆಯ ದಿನ ಬಸ್ ನಿಲ್ದಾಣದಲ್ಲಿ ಹನೀಫಾ ನನ್ನನ್ನು ಕಂಡು ಬಸ್ಸಿನಿಂದ ಇಳಿದು ಬಂದ. ಯಾವಾಗಲೂ ನಗುವವನು ನಗಲಿಲ್ಲ. ಮಡಚಿದ ಕಾಗದದ ಪೊಟ್ಟಣ ಕೊಟ್ಟ. ಬಿಚ್ಚಿದರೆ ನನ್ನ ಹತ್ತು ರೂಪಾಯಿ.

“ಬೀಯಮ್ಮ ಕೊಟ್ಟದ್ದು. ನೀವು ಸಿಗದೆ ಇಷ್ಟು ದಿನ ನನ್ನ ಹತ್ತಿರವೇ ಉಳಿಯಿತು. ನೀವು ಹೀಗೆ ಮಾಡಬಾರದಿತ್ತು ಮಾಸ್ಟ್ರೇ.”

ಅಲ್ಲಿಂದಲೇ ಅವರ ಮನೆಗೆ ಹೋದೆ. ಹಿತ್ತಿಲಿನಲ್ಲಿ ತೆಂಗಿನ ಬುಡದ ಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆಯ ಮಣ್ಣಿನ ಭರಣಿ ಬೋರಲಾಗಿ ಬಿಸಿಲಿನಲ್ಲಿತ್ತು. ನಾನು ಏನೇನೋ ಹೇಳಿದೆ. ನಿಯಮ, ಹಾಳೆ, ಕೆಂಪು ಗೆರೆ. ಕೊನೆಗೆ ಹೇಳಿದೆ, “ದುಡ್ಡು ವಾಪಸು ಕೊಟ್ರಲ್ಲ ಬೀಯಮ್ಮ, ಸರಿ ಆಯ್ತಲ್ಲ? ನೀವು ಕೈಯಲ್ಲಿ ಮುಟ್ಟಿಯೂ ಇಲ್ಲ.”

“ತಟ್ಟೆ ಎತ್ತಿದ್ದು ನಾಲ್ಕು ದಿನ ಕಳೆದು ಮಾಸ್ಟ್ರೇ. ಅಷ್ಟರಲ್ಲಿ ಮೂರು ಮಂದಿಗೆ ಎಣ್ಣೆ ಕೊಟ್ಟಿದ್ದೆ, ದುಡ್ಡು ಪಕ್ಕದಲ್ಲಿ ಇಟ್ಟುಕೊಂಡು. ನಿಮ್ಮ ಮೇಲೆ ಕೋಪ ಇಲ್ಲ. ನೀವು ಕೊಟ್ಟಿರಿ, ಮದ್ದು ಹೋಯ್ತು” ಎಂದು ಅವರು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡರು. ಬೀಡಿ ಸುರುಟುವಾಗ ಆಗಾಗ ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದರು. ಅವರಿಗೂ ಆ ಎಣ್ಣೆಯೇ ಬೇಕಿತ್ತು ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ವಾರಿಜಾಕ್ಷಿ ಬಂಟ್ವಾಳಕ್ಕೆ ಹಿಂತಿರುಗಿದಳು. ಕಾಲೇಜಿನಲ್ಲಿ ಯಾರೂ ಬೀಳ್ಕೊಡಲಿಲ್ಲ. ಜೂನ್ ಒಂದಕ್ಕೆ ಬೇರೆ ಹುಡುಗಿ ಬಂದು ಲೈನು ಹಾಕಿದಳು, ನಕ್ಷತ್ರಗಳು ಬಂದವು, ಕಂಪೆನಿಯ ಫೋನ್ ನಂಬರು ಬಂತು. ನಾನು ಒಳಗೆ ಹೋಗಿ, ಗೋಡೆಗೆ ಹಚ್ಚಿದ್ದ ನನ್ನ ಕನ್ನಡದ ನಿಯಮಗಳನ್ನು ಕಿತ್ತು ಹರಿದೆ. ನನ್ನ ಶೌರ್ಯ ಅಷ್ಟಕ್ಕೇ ಮುಗಿಯಿತು. ವಾರದೊಳಗೆ ನಿತ್ಯಾನಂದರು ಅದನ್ನು ಮತ್ತೆ ಟೈಪು ಮಾಡಿಸಿ ಹಚ್ಚಿದರು.

ಜುಲೈಯಲ್ಲಿ ಒಂದು ಭಾನುವಾರ ಧೈರ್ಯ ಮಾಡಿ ಇನ್‌ಸ್ಟಿಟ್ಯೂಟಿಗೆ ಹೋದೆ. ನೆರೆಯ ಭಯಕ್ಕೆ ಈಗ ಅದು ಮಾಳಿಗೆಯ ಮೇಲಿತ್ತು. ಎರಡು ಮೂರು ಮಕ್ಕಳು ಕುಟ್ಟುತ್ತಿದ್ದರು. ವಾರಿಜಾಕ್ಷಿಯ ಬಲಗೈಗೆ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತಳು, ಸ್ಟೂಲು ಕೊಟ್ಟಳು. ಅದೇ ಮೊದಲಿನ ಮರ್ಯಾದೆ. ಬೈದಿದ್ದರೆ ಸುಲಭವಿತ್ತು.

“ನಾನು ಬೆಂಗಳೂರಿಗೆ ಇನ್ನೊಂದು ಕಾಗದ ಬರೀತೇನೆ ವಾರಿಜಾಕ್ಷಿ. ನಿಜ ಬರೀತೇನೆ.”

“ಬರೀರಿ ಸರ್. ಇಲ್ಲೇ ಬರೀರಿ. ನನ್ನ ಕೈ ಏಳುವುದಿಲ್ಲ, ನೀವೇ ಟೈಪ್ ಮಾಡಿ.”

ಕನ್ನಡದ ಯಂತ್ರದ ಮುಂದೆ ನನ್ನನ್ನು ಕೂರಿಸಿದಳು. ನನಗೆ ಟೈಪು ಬರುವುದಿಲ್ಲ. ಎರಡು ಬೆರಳಿನಲ್ಲಿ ಹುಡುಕಿ ಹುಡುಕಿ ಕುಟ್ಟಿದೆ. ಅವಳು ಹಿಂದೆ ನಿಂತು, ಕಲಿಯುವ ಮಕ್ಕಳಿಗೆ ಹೇಳುವಂತೆಯೇ, “ತಪ್ಪಾಯ್ತು ಸರ್, ಬೇರೆ ಹಾಳೆ ಹಾಕಿ” ಎನ್ನುತ್ತಿದ್ದಳು. ಮೂರನೆಯ ಹಾಳೆಯಲ್ಲಿ ಕಾಗದ ಮುಗಿಯಿತು. ಆ ಎಣ್ಣೆಯನ್ನು ಯಾರೂ ಯಾರಿಗೂ ಮಾರಿರಲಿಲ್ಲ. ಬೀಯಮ್ಮನವರ ಮನೆಯಲ್ಲಿ ಅದಕ್ಕೆ ಮೊದಲ ಸಲ ಬೆಲೆ ಕಟ್ಟಿದವನು ನಾನು. ನಿಯಮ ಮುರಿದವನು ಯಾರಾದರೂ ಇದ್ದರೆ ಅದು ನಾನೇ. ಹೀಗೆ ಬರೆದಿದ್ದೆ. ಬೀಳದ ‘ಳ’ಗಳನ್ನೆಲ್ಲ ಪೆನ್ನಿನಿಂದ ತುಂಬಿಸಿ ಅವಳ ಕೈಗೆ ಕೊಟ್ಟೆ.

ಅವಳು ನಿಧಾನವಾಗಿ ಓದಿದಳು.

“ಒಂದು ಬಿಟ್ಟಿದ್ದೀರಿ ಸರ್.”

“ಯಾವುದು?”

“ನಿಮ್ಮ ಕೈನೋವು. ಬೀಯಮ್ಮ ಹೇಳಿದ್ರು. ಹೋಯ್ತಾ?”

ಹೋಗಿತ್ತು. ಮೂರನೆಯ ದಿನಕ್ಕೇ ಹೋಗಿತ್ತು, ಆಮೇಲೆ ಬಂದಿರಲಿಲ್ಲ. ಆ ವರ್ಷದ ಪೇಪರುಗಳನ್ನೆಲ್ಲ ಅದೇ ಕೈಯಲ್ಲಿ ತಿದ್ದಿದ್ದೆ, ಅವಳನ್ನು ಕಳಿಸುವ ಕಾಗದಕ್ಕೆ ಅದೇ ಕೈಯಲ್ಲಿ ದುಂಡಗೆ ಸಹಿ ಹಾಕಿದ್ದೆ.

“ಹೋಗಿದೆ” ಎಂದೆ.

“ದುಡ್ಡು ಇಡುವ ಮೊದಲೇ ತಿಕ್ಕಿದ್ದಲ್ಲ, ಹಾಗೆ” ಎಂದಳು. ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದ ಹೊಸ ಹಾಳೆಯೊಂದನ್ನು ಯಂತ್ರಕ್ಕೆ ಸಿಕ್ಕಿಸಿದಳು. “ಅದನ್ನೂ ಸೇರಿಸಿ ಸರ್. ಮೊದಲಿನಿಂದ ಹೊಡೀರಿ.”